ಘಾಟಿ ದಾರಿಗೆ ಕಾರಿನ ಮ್ಯಾಪೋ, ಫೋನಿನ ಮ್ಯಾಪೋ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಹೊಸ ಕಾರು ತೆಗೆದುಕೊಳ್ಳಬೇಕು ಅಂತಿದ್ದೇವೆ. ಮೇಲಿನ ಮಾಡೆಲ್‌ನಲ್ಲಿ ಕಂಪನಿಯವರೇ ಕೊಡುವ ನ್ಯಾವಿಗೇಷನ್ ಇದೆ, ಲೈವ್ ಟ್ರಾಫಿಕ್ ಕೂಡ ತೋರಿಸುತ್ತದಂತೆ. ಅದರ ಕೆಳಗಿನ ಮಾಡೆಲ್‌ಗೆ ಫೋನ್ ಕನೆಕ್ಟ್ ಮಾಡಿಕೊಳ್ಳಬೇಕು. ಬೆಲೆಯಲ್ಲಿ ಲಕ್ಷಕ್ಕೂ ಜಾಸ್ತಿ ವ್ಯತ್ಯಾಸ. ತಿಂಗಳಿಗೊಮ್ಮೆ ತಂದೆಯವರನ್ನು ಚೆಕಪ್‌ಗೆ ಅಂತ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಕರೆದುಕೊಂಡು ಹೋಗುತ್ತೇವೆ. ಮಗಳು ಬೆಂಗಳೂರಿನಲ್ಲಿದ್ದಾಳೆ, ಆ ಕಡೆಗೂ ಓಡಾಟ ಇದೆ. ಟ್ರಾಫಿಕ್ ಸರಿಯಾಗಿ ಹೇಳುವುದು ಯಾವುದು? ಕಾರಿನದು ಸ್ಯಾಟಲೈಟ್‌ನಿಂದ ನೇರವಾಗಿ ಬರುತ್ತದೆ, ಟವರ್ ಇಲ್ಲದಿದ್ದರೂ ನಡೆಯುತ್ತದೆ ಅಂತ ಶೋರೂಮಿನಲ್ಲಿ ಹೇಳಿದರು. ನಿಜವೇ?

ಉತ್ತರ: ಶೋರೂಮಿನಲ್ಲಿ ಹೇಳಿದ್ದು ಅರ್ಧ ನಿಜ. ಆದರೆ ನೀವು ಲಕ್ಷ ರೂಪಾಯಿ ಕೊಡಲು ಹೊರಟಿರುವುದು ನಿಜವಲ್ಲದ ಆ ಇನ್ನರ್ಧಕ್ಕೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುತ್ತುತ್ತಿವೆ. ಅವಲ್ಲದೆ ರಷ್ಯಾದ ಗ್ಲೋನಾಸ್ ಇದೆ, ಯುರೋಪಿನ ಗೆಲಿಲಿಯೊ ಇದೆ, ನಮ್ಮದೇ ದೇಶದ ನಾವಿಕ್ ಇದೆ. ಇವೆಲ್ಲ ಮಾಡುವ ಕೆಲಸ ಒಂದೇ. ‘ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು’ ಅಂತ ಹಗಲೂ ರಾತ್ರಿ ಹೇಳುತ್ತಾ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಮಾತು ಕೇಳಿಸಿದರೆ ಸಾಕು, ಕಾರಾಗಲಿ ಫೋನಾಗಲಿ ತಾನು ಯಾವ ಜಾಗದಲ್ಲಿದ್ದೇನೆ ಅಂತ ಲೆಕ್ಕ ಹಾಕಿಕೊಳ್ಳುತ್ತದೆ. ಇದು ರೇಡಿಯೊ ಇದ್ದ ಹಾಗೆ. ಭದ್ರಾವತಿ ಆಕಾಶವಾಣಿ ಹಾಡು ಹಾಕುತ್ತದೆ. ಯಾರ ಮನೆ ಜಗಲಿಯಲ್ಲಿ ಯಾರು ಕೂತು ಕೇಳುತ್ತಿದ್ದಾರೆ ಅನ್ನೋದು ನಿಲಯದವರಿಗೆ ಗೊತ್ತಾಗುವುದಿಲ್ಲ. ಹಾಗೆಯೇ ನಿಮ್ಮ ಕಾರು ಎಲ್ಲಿದೆ ಅನ್ನೋದು ಜಿಪಿಎಸ್ ಉಪಗ್ರಹಕ್ಕೆ ಗೊತ್ತಿಲ್ಲ. ಮುಂದಿನ ತಿರುವಿನಲ್ಲಿ ಮರ ಬಿದ್ದಿದೆಯಾ ಅಂತಂತೂ ಗೊತ್ತೇ ಇಲ್ಲ.

ನೀವು ಎಲ್ಲಿದ್ದೀರಿ ಅಂತ ತಿಳಿಯಲು ಟವರ್ ಬೇಡ, ಇಷ್ಟು ನಿಜ. ಇದು ಕಾರಿಗೂ ನಿಜ, ನಿಮ್ಮ ಜೇಬಿನ ಫೋನಿಗೂ ಅಷ್ಟೇ ನಿಜ. ಟ್ರಾಫಿಕ್ ವಿಷಯ ಬೇರೆ. ಅದು ಆಕಾಶದಿಂದ ಬರುವುದಿಲ್ಲ, ನಿಮಗಿಂತ ಮುಂದೆ ಹೋದವರ ಫೋನಿನಿಂದ ಬರುತ್ತದೆ.

ಹೇಗೆ ಅಂದರೆ, ಲೊಕೇಷನ್ ಆನ್ ಇಟ್ಟುಕೊಂಡ ಫೋನುಗಳು ತಾವು ಯಾವ ರಸ್ತೆಯಲ್ಲಿ ಎಷ್ಟು ವೇಗದಲ್ಲಿ ಹೋಗುತ್ತಿದ್ದೇವೆ ಅಂತ ಮೊಬೈಲ್ ನೆಟ್‌ವರ್ಕ್ ಮೂಲಕ ಮ್ಯಾಪ್ ಕಂಪನಿಗೆ ಹೇಳುತ್ತಾ ಇರುತ್ತವೆ. ಹೆಸರು ಹೇಳುವುದಿಲ್ಲ, ವೇಗ ಮಾತ್ರ. ಬಿ.ಎಚ್. ರಸ್ತೆಯಲ್ಲಿ ನೂರು ಫೋನುಗಳು ತೆವಳುತ್ತಿದ್ದರೆ ಆ ತುಂಡು ಕೆಂಪಾಗುತ್ತದೆ, ಸರಾಗವಾಗಿ ಹೋಗುತ್ತಿದ್ದರೆ ಹಸಿರಾಗುತ್ತದೆ. ಅದರ ಜೊತೆಗೆ, ವಾರದ ಇದೇ ದಿನ ಇದೇ ಹೊತ್ತಿನಲ್ಲಿ ಹಿಂದೆಲ್ಲ ಎಷ್ಟು ವೇಗ ಇತ್ತು ಅನ್ನುವ ಹಳೆಯ ಲೆಕ್ಕವನ್ನೂ ಸೇರಿಸಿ, ತಲುಪುವ ಸಮಯ ಹೇಳುತ್ತಾರೆ. 2020ರಲ್ಲಿ ಬರ್ಲಿನ್‌ನಲ್ಲಿ ಸೈಮನ್ ವೆಕರ್ಟ್ ಅನ್ನುವ ಕಲಾವಿದರು ಒಂದು ಪುಟ್ಟ ಕೈಗಾಡಿಯಲ್ಲಿ 99 ಫೋನ್ ತುಂಬಿಕೊಂಡು ಖಾಲಿ ರಸ್ತೆಯಲ್ಲಿ ನಿಧಾನ ಎಳೆದುಕೊಂಡು ಹೋದರು. ಗೂಗಲ್ ಮ್ಯಾಪ್‌ನಲ್ಲಿ ಆ ಖಾಲಿ ರಸ್ತೆ ಕೆಂಪಗೆ ಕಂಡಿತು. ಮ್ಯಾಪ್ ನೋಡುವುದು ರಸ್ತೆಯನ್ನಲ್ಲ, ಫೋನುಗಳನ್ನು ಅಂತ ಅದರಿಂದ ಗೊತ್ತಾಯಿತು.

ಬರ್ಲಿನ್‌ನಲ್ಲಿ ಖಾಲಿ ರಸ್ತೆ ಕೆಂಪಾಯಿತು. ನಮ್ಮ ಮಲೆನಾಡಿನಲ್ಲಿ ಆಗೋದು ಇದರ ಉಲ್ಟಾ. ಇಲ್ಲಿ ಕಟ್ಟಿಹೋದ ರಸ್ತೆ ಮ್ಯಾಪ್‌ನಲ್ಲಿ ಆರಾಮಾಗಿ ಕಾಣುತ್ತದೆ.

ನನಗೇ ಆದದ್ದು ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ, ಪುನರ್ವಸು ಮಳೆ. ನಾನು ಮತ್ತು ನನ್ನ ಹೆಂಡತಿ ಉಡುಪಿಯಿಂದ ವಾಪಸ್ ಬರುತ್ತಿದ್ದೆವು. ಹೆಬ್ರಿಯಲ್ಲಿ ಕಾಫಿ ಕುಡಿದು ಫೋನ್ ನೋಡಿದೆ. ತೀರ್ಥಹಳ್ಳಿಗೆ ಎಂಟು ಗಂಟೆಗೆ ತಲುಪುತ್ತೀರಿ ಅಂತ ಇತ್ತು. ದಾರಿಯಲ್ಲಿ ಎಲ್ಲೂ ಕೆಂಪಿಲ್ಲ. ಸೋಮೇಶ್ವರ ದಾಟಿ ಘಾಟಿ ಹತ್ತಲು ಶುರು ಮಾಡಿದೆವು. ನಾಲ್ಕನೆಯದೋ ಐದನೆಯದೋ ತಿರುವು ಹತ್ತುವಾಗ ಮಂಜಿನೊಳಗೆ ಸಾಲಾಗಿ ಕೆಂಪು ದೀಪ. ಮುಂದೆ ಒಂದು ಮಿನಿ ಬಸ್, ಅದರ ಮುಂದೆ ಹತ್ತಿಪ್ಪತ್ತು ಕಾರು. ದೊಡ್ಡ ಮರವೊಂದು ದರೆ ಮಣ್ಣಿನ ಸಮೇತ ರಸ್ತೆಗೆ ಅಡ್ಡ ಮಲಗಿತ್ತು. ಬಸ್ಸಿನ ಕಂಡಕ್ಟರ್ ಟಾರ್ಚ್ ಹಿಡಿದು ನಿಂತಿದ್ದರು, ಇಬ್ಬರು ಕತ್ತಿಯಲ್ಲಿ ಕೊಂಬೆ ಸವರುತ್ತಿದ್ದರು. ಫೋನಿನಲ್ಲಿ ಟವರ್ ಇಲ್ಲ. ಪರದೆ ಮೇಲೆ ಮಾತ್ರ ನೀಲಿ ಗೆರೆ ಹಾಗೇ ಇದೆ. ತಲುಪುವ ಸಮಯ ಎಂಟು ಇದ್ದದ್ದು ಎಂಟು ಒಂದಾಯಿತು, ಎಂಟು ಎರಡಾಯಿತು. ನಿಮಿಷಕ್ಕೊಂದು ನಿಮಿಷ ಮುಂದೆ ಹೋಗುತ್ತಾ ಇತ್ತು, ಯಾಕೆ ಅಂತ ಅದಕ್ಕೆ ಗೊತ್ತಿರಲಿಲ್ಲ. ಅಲ್ಲಿಂದ ಹೊರಟಿದ್ದು ಎರಡು ಗಂಟೆ ಆದ ಮೇಲೆ.

ಅವತ್ತು ನಮ್ಮ ಹಿಂದೆ ಬಂದು ಸೇರಿಕೊಂಡವರೂ ಹೆಬ್ರಿಯಲ್ಲಿ ಫೋನ್ ನೋಡಿಯೇ ಹೊರಟಿದ್ದರು. ಅವರಿಗೂ ದಾರಿ ಸರಿಯಿದೆ ಅಂತಲೇ ತೋರಿಸಿತ್ತು. ಯಾಕೆಂದರೆ ಘಾಟಿಯಲ್ಲಿ ನಿಂತ ನಮ್ಮ ಫೋನುಗಳಿಗೆ ಟವರ್ ಇರಲಿಲ್ಲ. ನಾವು ನಿಂತಿದ್ದೇವೆ ಅಂತ ಹೇಳುವ ದಾರಿಯೇ ಇರಲಿಲ್ಲ. ಟವರ್ ಇಲ್ಲದ ಜಾಗದಲ್ಲಿ ನಿಂತ ಸಾಲು ಯಾವ ಮ್ಯಾಪಿಗೂ ಕಾಣಿಸೋದಿಲ್ಲ. ಸಾಲು ಬೆಳೆದು ಟವರ್ ಇರುವ ಜಾಗದವರೆಗೆ ಬಂದರೆ ಆಗ ಕಂಡೀತು. ಅಷ್ಟರಲ್ಲಿ ನೀವೂ ಸಾಲಿನಲ್ಲಿ ಇರುತ್ತೀರಿ. ಹಾಗಾಗಿ ಬೆಂಗಳೂರಿನಲ್ಲಿ ಕೆಂಪಿಲ್ಲ ಅಂದರೆ ರಸ್ತೆ ಖಾಲಿ ಅಂತ ಅರ್ಥ. ಆಗುಂಬೆ, ಹುಲಿಕಲ್, ನಾಗೋಡಿ ಘಾಟಿಗಳಲ್ಲಿ ಕೆಂಪಿಲ್ಲ ಅಂದರೆ ಸುದ್ದಿ ಬಂದಿಲ್ಲ ಅಂತ ಮಾತ್ರ ಅರ್ಥ.

ಕಾರಿನ ನ್ಯಾವಿಗೇಷನ್‌ಗೆ ಇದೇ ತೊಂದರೆ ಇಲ್ಲವೇ ಅಂತ ನೀವು ಕೇಳಬಹುದು. ಇದೆ, ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಇದೆ. ‘ಕಂಪನಿ ನ್ಯಾವಿಗೇಷನ್’ ಅಂತ ಎಲ್ಲದಕ್ಕೂ ಒಂದೇ ಹೆಸರು ಹೇಳುತ್ತಾರೆ, ಒಳಗೆ ಎರಡು ಜಾತಿ ಇದೆ. ಹಳೆಯ ಜಾತಿಯಲ್ಲಿ ಮ್ಯಾಪ್ ಪೂರ್ತಿ ಒಂದು ಎಸ್‌ಡಿ ಕಾರ್ಡ್‌ನಲ್ಲೋ ಹೆಡ್ ಯೂನಿಟ್ (ಕಾರಿನ ಸ್ಕ್ರೀನ್ ಇರುವ ಪೆಟ್ಟಿಗೆ) ಒಳಗೋ ಇರುತ್ತದೆ. ಇಂಟರ್ನೆಟ್ಟೇ ಇಲ್ಲ, ಹಾಗಾಗಿ ಲೈವ್ ಟ್ರಾಫಿಕ್ ಅನ್ನೋ ಮಾತೇ ಇಲ್ಲ. ಹೊಸ ಜಾತಿಯಲ್ಲಿ ಕಾರಿನ ಒಳಗೇ ಒಂದು ಇ-ಸಿಮ್ ಕೂರಿಸಿರುತ್ತಾರೆ. 2019ರಲ್ಲಿ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್, ಕಿಯಾ ಸೆಲ್ಟೋಸ್ ಬಂದಾಗಿನಿಂದ ಇದು ನಮ್ಮ ಕಡೆಗೂ ಪರಿಚಯ ಆಯಿತು. ಇದು ಲೈವ್ ಟ್ರಾಫಿಕ್ ತೋರಿಸುತ್ತದೆ, ಸುಳ್ಳಲ್ಲ. ಆದರೆ ಅದನ್ನು ತರುವುದು ಆ ಸಿಮ್, ಮೊಬೈಲ್ ಟವರ್ ಮೂಲಕವೇ. ಟವರ್ ಇಲ್ಲದ ಕಡೆ ನಿಮ್ಮ ಫೋನ್ ಹೇಗೋ ಈ ಕಾರೂ ಹಾಗೆಯೇ.

ಇಲ್ಲಿ ಮಲೆನಾಡಿನವರು ಯೋಚಿಸಬೇಕಾದ ಒಂದು ವಿಷಯ ಇದೆ, ಶೋರೂಮಿನಲ್ಲಿ ಯಾರೂ ಎತ್ತುವುದಿಲ್ಲ. ಕಾರಿನ ಸಿಮ್ ಯಾವ ಕಂಪನಿಯದು ಅಂತ ನೀವು ಆರಿಸಲು ಆಗುವುದಿಲ್ಲ. ಅವರು ಹಾಕಿದ್ದೇ ಹಾಕಿದ್ದು. ನಮ್ಮ ಕಡೆ ಪರಿಸ್ಥಿತಿ ನಿಮಗೇ ಗೊತ್ತು. ಒಂದು ಊರಲ್ಲಿ ಬಿಎಸ್‌ಎನ್‌ಎಲ್ ಮಾತ್ರ, ಪಕ್ಕದ ಊರಲ್ಲಿ ಇನ್ನೊಂದು ಮಾತ್ರ. ಅದಕ್ಕೇ ಅಲ್ವಾ ನಾವೆಲ್ಲ ಎರಡು ಸಿಮ್ ಇಟ್ಟುಕೊಳ್ಳುವುದು? ನಿಮ್ಮ ಫೋನ್ ಎರಡು ನೆಟ್‌ವರ್ಕ್ ಹುಡುಕಬಲ್ಲದು. ಪಕ್ಕದಲ್ಲಿ ಕೂತವರ ಫೋನಿನಲ್ಲಿ ಮೂರನೆಯದು ಇರಬಹುದು. ಕಾರಿನದಕ್ಕೆ ಇರುವುದು ಒಂದೇ. ಇದರ ಮೇಲೆ, ಮೊದಲ ಕೆಲವು ವರ್ಷ ಉಚಿತ, ಆಮೇಲೆ ವರ್ಷಕ್ಕೆ ಇಷ್ಟು ಅಂತ ಕಟ್ಟಬೇಕಾಗುತ್ತದೆ. ಎಷ್ಟು ವರ್ಷ, ಎಷ್ಟು ದುಡ್ಡು ಅಂತ ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ.

ಸಂಖ್ಯೆಯ ಮಾತೂ ಇದೆ. ಲೈವ್ ಟ್ರಾಫಿಕ್ ಚೆನ್ನಾಗಿರಬೇಕಾದರೆ ಹೇಳುವವರು ಜಾಸ್ತಿ ಇರಬೇಕು. ಗೂಗಲ್ ಮ್ಯಾಪ್ ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಇರುತ್ತದೆ. ಹಾಗಾಗಿ ಆಟೊದವರು, ಬಸ್ಸಿನಲ್ಲಿ ಕೂತವರು, ಅಡಿಕೆ ಲೋಡಿನ ಲಾರಿಯವರು, ಎಲ್ಲರ ಫೋನೂ ಅದಕ್ಕೆ ಸುದ್ದಿ ಕೊಡಬಲ್ಲದು. 2013ರಲ್ಲಿ ಗೂಗಲ್‌ನವರು ವೇಜ್ ಅನ್ನುವ ಇನ್ನೊಂದು ಆ್ಯಪ್ ಕೊಂಡುಕೊಂಡರು. ದಾರಿಯಲ್ಲಿ ಕಂಡದ್ದನ್ನು ಡ್ರೈವರ್‌ಗಳೇ ಒತ್ತಿ ತಿಳಿಸುವ ಆ್ಯಪ್ ಅದು. ನಮ್ಮ ದೇಶದ ಎಷ್ಟೋ ಕಾರುಗಳ ಒಳಗಿನ ಮ್ಯಾಪ್ ಮ್ಯಾಪ್‌ಮೈಇಂಡಿಯಾದ್ದು. 1995ರಲ್ಲಿ ಶುರುವಾದ ನಮ್ಮದೇ ಕಂಪನಿ. ಅವರ ಮ್ಯಾಪಲ್ಸ್ ಆ್ಯಪ್ ಫೋನಿಗೂ ಸಿಗುತ್ತದೆ. ಹಂಪ್ ಬರುತ್ತಿದೆ, ಕಡಿದಾದ ತಿರುವು ಇದೆ ಅಂತ ಮೊದಲೇ ಎಚ್ಚರಿಸುವುದು ನನಗೆ ಇಷ್ಟ. ರಾತ್ರಿ ಮಳೆಯಲ್ಲಿ ಬಣ್ಣ ಮಾಸಿದ ಹಂಪ್ ಕಣ್ಣಿಗೆ ಕಾಣದಿದ್ದಾಗ ಅದರ ಬೆಲೆ ಗೊತ್ತಾಗುತ್ತದೆ. ಆದರೂ ಬರೀ ಟ್ರಾಫಿಕ್ ಅಂತ ಕೇಳಿದರೆ, ಹೆಚ್ಚು ಜನರ ಫೋನಿನಲ್ಲಿರುವುದೇ ಮುಂದೆ.

ಇನ್ನು ಮ್ಯಾಪ್ ಹಳತಾಗುವ ವಿಷಯ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ 2025ರ ಜುಲೈ 14ರಂದು ಉದ್ಘಾಟನೆ ಆಯಿತು. ಎರಡೂವರೆ ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ ಉದ್ದ. ಅಲ್ಲಿಯವರೆಗೆ ಹೊಳೆಬಾಗಿಲಿನಲ್ಲಿ ಲಾಂಚ್‌ಗೆ ಕಾಯುತ್ತಾ ನಿಂತ ನೆನಪು ನಿಮಗೂ ಇರುತ್ತದೆ. ಸೇತುವೆ ಆದ ಮೇಲೆ ಪರಿಚಯದವರ ಕಾರಿನಲ್ಲಿ ಅಮ್ಮನವರ ದರ್ಶನಕ್ಕೆ ಹೋಗಿದ್ದೆ. ಕಂಪನಿ ನ್ಯಾವಿಗೇಷನ್ ಇರುವ ಕಾರು, ಮ್ಯಾಪ್ ಒಮ್ಮೆಯೂ ಅಪ್‌ಡೇಟ್ ಮಾಡಿಸಿರಲಿಲ್ಲ. ನಾವು ಸೇತುವೆ ಮೇಲೆ ಹೋಗುತ್ತಿದ್ದೆವು. ಸ್ಕ್ರೀನಿನಲ್ಲಿ ನಮ್ಮ ಬಾಣದ ಗುರುತು ನೀಲಿ ನೀರಿನ ಮಧ್ಯೆ ಒಂಟಿಯಾಗಿ ಹೋಗುತ್ತಿತ್ತು. ಸುತ್ತ ರಸ್ತೆಯೇ ಇಲ್ಲ. ಹಿಂದಿನ ಸೀಟಿನ ಮಕ್ಕಳು ಅದನ್ನು ನೋಡಿ ಹೆದರಿಬಿಟ್ಟರು. ನನ್ನ ಫೋನಿನಲ್ಲಿ ಮಾತ್ರ ಸೇತುವೆ ಕಾಣುತ್ತಿತ್ತು. ಫೋನಿನ ಮ್ಯಾಪ್ ತಾನಾಗಿ ಹೊಸದಾಗುತ್ತಾ ಇರುತ್ತದೆ. ಕಾರ್ಡಿನ ಮ್ಯಾಪ್ ನೀವು ಸರ್ವಿಸ್‌ಗೆ ಬಿಟ್ಟಾಗ ಕೇಳಿ ಮಾಡಿಸಿದರೆ ಉಂಟು, ಇಲ್ಲದಿದ್ದರೆ ಕೊಂಡ ದಿನದಲ್ಲೇ ನಿಂತಿರುತ್ತದೆ. ಇ-ಸಿಮ್ ಕಾರುಗಳಲ್ಲಿ ಪರವಾಗಿಲ್ಲ, ಎಷ್ಟೋ ಮಾಡೆಲ್‌ಗಳಿಗೆ ಅಪ್‌ಡೇಟ್ ಇಂಟರ್ನೆಟ್ ಮೂಲಕವೇ ಬರುತ್ತದೆ.

ಹಾಗಂತ ಕಾರಿನದು ಸುಮ್ನೆ ಅಂತ ಹೇಳಲಾರೆ. ಅದು ಗೆಲ್ಲುವ ಜಾಗ ಬೇರೆ. ಕಾರಿನ ಆಂಟೆನಾ ಸಾಮಾನ್ಯವಾಗಿ ಮಾಡಿನ ಮೇಲೆ ಇರುತ್ತದೆ, ಆಕಾಶಕ್ಕೆ ನೇರ ಮುಖ. ಚಕ್ರ ಎಷ್ಟು ಸುತ್ತಿತು, ಕಾರು ಎಷ್ಟು ತಿರುಗಿತು ಅನ್ನುವ ಲೆಕ್ಕವೂ ಅದಕ್ಕೆ ಕಾರಿನ ಒಳಗಿನಿಂದಲೇ ಸಿಗುತ್ತದೆ. ದಟ್ಟ ಕಾಡಿನಲ್ಲಿ ಒದ್ದೆ ಎಲೆಗಳ ಕೆಳಗೆ ಉಪಗ್ರಹದ ಸಿಗ್ನಲ್ ಸೊರಗುತ್ತದೆ. ಒಂದು ಪಕ್ಕ ಗುಡ್ಡ ಅಡ್ಡ ಬಂದರೆ ಇನ್ನೂ ಕಷ್ಟ. ಆಗ ಫೋನಿನ ಗುರುತು ಪಕ್ಕದ ಕಾಡಿಗೆ ಜಿಗಿಯುತ್ತದೆ, ಮತ್ತೆ ರಸ್ತೆಗೆ ಬರುತ್ತದೆ. ಕಾರಿನದು ಚಕ್ರದ ಲೆಕ್ಕ ಹಿಡಿದುಕೊಂಡು ರಸ್ತೆ ಮೇಲೇ ಇರುತ್ತದೆ. ಆಗುಂಬೆಯ ಹದಿನಾಲ್ಕು ತಿರುವು ಇಳಿಯುವಾಗ ಮುಂದಿನ ತಿರುವು ಎಡಕ್ಕೋ ಬಲಕ್ಕೋ ಅಂತ ಮಂಜಿನಲ್ಲಿ ಗೊತ್ತಾಗುವುದು ಸಣ್ಣ ಅನುಕೂಲ ಅಲ್ಲ. ಬೇಸಿಗೆಯಲ್ಲಿ ಡ್ಯಾಶ್‌ಬೋರ್ಡ್ ಮೇಲಿಟ್ಟ ಫೋನ್ ಬಿಸಿಯಾಗಿ ಪರದೆ ಮಂಕಾಗುತ್ತದೆ. ಕಾರಿನದಕ್ಕೆ ಆ ಕಾಟ ಕಡಿಮೆ.

ಆದರೆ ಇದರ ಬಹುಪಾಲು ಅನುಕೂಲ ನಿಮ್ಮ ಕೆಳಗಿನ ಮಾಡೆಲ್‌ನಲ್ಲೂ ಸಿಗುತ್ತದೆ. ‘ಫೋನ್ ಕನೆಕ್ಟ್ ಮಾಡಿಕೊಳ್ಳಬೇಕು’ ಅಂದರೆ ಆಂಡ್ರಾಯ್ಡ್ ಆಟೊ, ಆ್ಯಪಲ್ ಫೋನ್ ಆದರೆ ಕಾರ್‌ಪ್ಲೇ. ಬುದ್ಧಿ ಫೋನಿನದು, ಸ್ಕ್ರೀನ್ ಕಾರಿನದು. ಫೋನ್ ಬಿಸಿಲಿಗೆ ಇಡಬೇಕಿಲ್ಲ, ಕೈಯಲ್ಲಿ ಹಿಡಿಯಬೇಕಿಲ್ಲ, ಅಕ್ಷರ ದೊಡ್ಡದು, ದನಿ ಕಾರಿನ ಸ್ಪೀಕರಿನಲ್ಲಿ. ಕೆಲವು ಕಾರುಗಳು ತಮ್ಮ ಜಿಪಿಎಸ್ ಲೆಕ್ಕವನ್ನೂ ಫೋನಿಗೆ ಕೊಡುತ್ತವೆ. ಫೋನ್ ಹೋಲ್ಡರ್‌ನಲ್ಲಿ ಹಾಕಿಕೊಂಡು ನೋಡುವುದಕ್ಕೂ ಕಾನೂನಿನ ಅಡ್ಡಿ ಇಲ್ಲ. 2020ರ ಅಕ್ಟೋಬರ್‌ನಿಂದ ಬಂದ ನಿಯಮದ ಪ್ರಕಾರ ಓಡಿಸುವಾಗ ಫೋನನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಗಮನ ಕೆಡದ ಹಾಗೆ.

ಹಾಗಾಗಿ ನನ್ನ ಮಾತು ಇಷ್ಟು: ನ್ಯಾವಿಗೇಷನ್ ಒಂದಕ್ಕೋಸ್ಕರ ಲಕ್ಷ ರೂಪಾಯಿ ಜಾಸ್ತಿ ಕೊಡಬೇಡಿ. ಮೇಲಿನ ಮಾಡೆಲ್‌ನಲ್ಲಿ ಏರ್‌ಬ್ಯಾಗ್ ಜಾಸ್ತಿ ಇದ್ದರೆ, ಇಳಿಜಾರಿನಲ್ಲಿ ಹಿಡಿದಿಡುವ ವ್ಯವಸ್ಥೆ ಇದ್ದರೆ, ಅದಕ್ಕೆ ಕೊಡಿ. ಘಾಟಿ ಓಡಿಸುವವರಿಗೆ ಅವು ಬೇಕು. ಮ್ಯಾಪ್‌ಗೆ ಫೋನ್ ಸಾಕು.

ಬೆಂಗಳೂರು ದಾರಿಯಲ್ಲಿ ಇನ್ನೂ ಸುಲಭ. ತುಮಕೂರು ದಾಟಿದ ಮೇಲೆ ನೆಲಮಂಗಲ, ಗೊರಗುಂಟೆಪಾಳ್ಯ ಅಂತ ಬರುವ ಹೊತ್ತಿಗೆ ಫೋನಿನ ಲೈವ್ ಟ್ರಾಫಿಕ್ ಕಣ್ಣುಮುಚ್ಚಿ ನಂಬಬಹುದು. ಅಲ್ಲಿ ಫೋನುಗಳ ಹೊಳೆಯೇ ಇದೆ. ಆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶಿವಮೊಗ್ಗ ಊರೊಳಗೂ ಸಂಜೆ ಹೊತ್ತು ನೆಹರೂ ರಸ್ತೆ, ಗೋಪಿ ಸರ್ಕಲ್ ಕಡೆ ಅದು ತಕ್ಕಮಟ್ಟಿಗೆ ಸರಿ ಹೇಳುತ್ತದೆ. ಜಾತ್ರೆ, ಗಣಪತಿ ಮೆರವಣಿಗೆ ದಿನ ಮಾತ್ರ ಪೇಪರಿನಲ್ಲಿ ಪೊಲೀಸರು ಕೊಟ್ಟ ಬದಲಿ ದಾರಿ ನೋಡಿಕೊಂಡು ಹೊರಡಿ.

ತಂದೆಯವರ ಜೊತೆಗಿನ ಮಣಿಪಾಲದ ದಾರಿಯ ಬಗ್ಗೆಯೇ ನನಗೆ ಕಾಳಜಿ. ಇಲ್ಲಿ ನೆನಪಿಡಬೇಕಾದ್ದು, ಟ್ರಾಫಿಕ್ ಸುದ್ದಿ ಉಪಯೋಗಕ್ಕೆ ಬರುವುದು ಬೇರೆ ದಾರಿ ಹಿಡಿಯಲು ಸಾಧ್ಯ ಇರುವ ಜಾಗದಲ್ಲಿ ಮಾತ್ರ. ಹೋಗುವಾಗ ಆ ಜಾಗ ತೀರ್ಥಹಳ್ಳಿ. ಅಲ್ಲಿಂದ ಆಗುಂಬೆ ಬೇಡ ಅಂದರೆ ಯಡೂರು, ಮಾಸ್ತಿಕಟ್ಟೆ ಮೇಲೆ ಹುಲಿಕಲ್ ಘಾಟಿ ಇಳಿಯಬಹುದು. ಇಲ್ಲವೇ ಕೊಪ್ಪ, ಶೃಂಗೇರಿ ಮೇಲೆ ಕಾರ್ಕಳಕ್ಕೆ ಹೋಗಬಹುದು. ಎರಡೂ ಸುತ್ತು, ಆದರೆ ದಾರಿ ಇದೆ. ಆಗುಂಬೆ ಊರು ದಾಟಿ ಘಾಟಿ ಬಾಯಿಗೆ ಹೋದ ಮೇಲೆ ಗೊತ್ತಾದರೆ ವಾಪಸ್ ತಿರುಗಬೇಕಾಗುತ್ತದೆ. ಬರುವಾಗ ಅಂಥ ಜಾಗ ಹೆಬ್ರಿ. ಈ ಎರಡು ಊರಲ್ಲೂ ಹತ್ತು ನಿಮಿಷ ನಿಲ್ಲಿ. ಫೋನ್ ನೋಡಿ, ಆಮೇಲೆ ಎದುರಿನಿಂದ ಬಂದ ಬಸ್ಸಿನವರನ್ನು ಕೇಳಿ. ‘ಘಾಟಿ ಹೇಗಿದೆ ಅಣ್ಣಾ, ಎಷ್ಟು ಹೊತ್ತಿಗೆ ದಾಟಿದ್ರಿ?’ ಅಂತ. ಅರ್ಧ ಗಂಟೆ ಮುಂಚೆ ಕಣ್ಣಾರೆ ನೋಡಿದವರು ಅವರು. ಆಗುಂಬೆಯ ಒಂದು ಅಂಗಡಿಯವರದ್ದೋ ಸೋಮೇಶ್ವರದ ಒಂದು ಹೋಟೆಲಿನವರದ್ದೋ ನಂಬರ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ನಾನು ಇಟ್ಟುಕೊಂಡಿದ್ದೇನೆ. ಮಳೆಗಾಲದಲ್ಲಿ ಮನೆ ಬಿಡುವ ಮೊದಲೇ ಒಂದು ಫೋನ್ ಮಾಡುತ್ತೇನೆ.

ದರೆ ಕುಸಿದು ಜಿಲ್ಲಾಧಿಕಾರಿಗಳು ಘಾಟಿ ಬಂದ್ ಮಾಡಿದ ಆದೇಶ ಪೇಪರಿನಲ್ಲಿ, ವಾಟ್ಸಾಪ್ ಗ್ರೂಪುಗಳಲ್ಲಿ ಮೊದಲು ಬರುತ್ತದೆ, ಮ್ಯಾಪಿಗೆ ಆಮೇಲೆ. ಭಾರೀ ವಾಹನಕ್ಕೆ ಮಾತ್ರ ನಿಷೇಧವೋ, ಎಲ್ಲಕ್ಕೂ ಹೌದೋ ಅಂತ ಪೂರ್ತಿ ಓದಿ.

ಫೋನ್ ‘ನಾಲ್ಕು ನಿಮಿಷ ಉಳಿಯುತ್ತದೆ’ ಅಂತ ಒಳದಾರಿ ತೋರಿಸಿದರೆ ಒಪ್ಪಿಕೊಳ್ಳಬೇಡಿ. ಅದು ಯಾರದೋ ತೋಟದ ಮಣ್ಣು ರೋಡಾಗಿರಬಹುದು, ಎದುರು ಜೀಪು ಬಂದರೆ ಹಿಂದೆ ತೆಗೆಯಲು ಜಾಗವೂ ಇರುವುದಿಲ್ಲ. ಅಂಥ ದಾರಿ ಕಂಡಾಗ ಸಿಕ್ಕವರನ್ನು ಒಂದೇ ಪ್ರಶ್ನೆ ಕೇಳಿ: ಈ ರಸ್ತೆಯಲ್ಲಿ ಬಸ್ ಓಡುತ್ತದಾ? ಓಡುತ್ತದೆ ಅಂದರೆ ಹೋಗಿ.

ಹೊರಡುವ ಹಿಂದಿನ ರಾತ್ರಿ ಮನೆಯ ವೈಫೈಯಲ್ಲಿ ಗೂಗಲ್ ಮ್ಯಾಪ್ ತೆರೆದು, ಮೇಲೆ ಬಲಗಡೆ ಇರುವ ನಿಮ್ಮ ಫೋಟೊ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ. ಶಿವಮೊಗ್ಗದಿಂದ ಉಡುಪಿವರೆಗಿನ ಚೌಕ ಹಿಡಿದು ಡೌನ್‌ಲೋಡ್ ಮಾಡಿಕೊಳ್ಳಿ. ಟವರ್ ಇಲ್ಲದಿದ್ದಾಗ ಇದರಲ್ಲಿ ಟ್ರಾಫಿಕ್ ಬರುವುದಿಲ್ಲ, ಬದಲಿ ದಾರಿ ತೋರಿಸುವುದಿಲ್ಲ. ಆದರೆ ತಪ್ಪಿ ಬೇರೆ ರಸ್ತೆಗೆ ಹೋದರೂ ಮ್ಯಾಪ್ ಇರುತ್ತದೆ, ವಾಪಸ್ ದಾರಿ ಹೇಳುತ್ತದೆ. ಇದನ್ನು ಮಾಡದೇ ಹೋದವರಿಗೆ ಕಾಡಿನ ಮಧ್ಯೆ ಬರೀ ಬೂದಿ ಬಣ್ಣದ ಪರದೆ ಕಾಣುತ್ತದೆ.

ದುಡ್ಡು ಕಟ್ಟುವ ಮೊದಲು ಟೆಸ್ಟ್ ಡ್ರೈವ್‌ಗೆ ಶಿವಮೊಗ್ಗ ಪೇಟೆ ಒಳಗೆ ಸುತ್ತಬೇಡಿ, ತೀರ್ಥಹಳ್ಳಿ ರಸ್ತೆಯಲ್ಲಿ ಸಕ್ರೆಬೈಲಿನವರೆಗೆ ಕೊಡಿ ಅಂತ ಕೇಳಿ. ಎರಡೂ ಮಾಡೆಲ್ ಓಡಿಸಿ. ಕೆಳಗಿನ ಮಾಡೆಲ್‌ಗೆ ನಿಮ್ಮದೇ ಫೋನ್, ನಿಮ್ಮದೇ ಕೇಬಲ್ ಹಾಕಿ. ಗಾಜನೂರು ದಾಟಿದ ಮೇಲೆ ಫೋನಿನ ಡೇಟಾ ಆಫ್ ಮಾಡಿ, ಬೇಕಂತಲೇ ಯಾವುದಾದರೂ ಅಡ್ಡರಸ್ತೆಗೆ ಒಂದು ಫರ್ಲಾಂಗ್ ತಿರುಗಿಸಿ, ವಾಪಸ್ ದಾರಿ ಹೇಳುತ್ತದಾ ನೋಡಿ. ಮೇಲಿನ ಮಾಡೆಲ್‌ನಲ್ಲಿ ಸಿಗಂದೂರು ಅಂತ ಹುಡುಕಿ, ದಾರಿ ಸೇತುವೆ ಮೇಲೆ ಹೋಗುತ್ತದೋ ಲಾಂಚ್ ತೋರಿಸುತ್ತದೋ ನೋಡಿ.